ಗೋಡೆಗೆ ಎತ್ತಿದ ಕೈ

ನಮ್ಮ ಲೆಕ್ಕದ ಮೇಷ್ಟ್ರ ಎಡಗಿವಿಗೆ ಸದಾ ಸೀಮೆಸುಣ್ಣ ಮೆತ್ತಿರುತ್ತಿತ್ತು. ಕಿವಿ ಸ್ವಲ್ಪ ಮಂದ. ಯಾರು ಮಾತಾಡಿದರೂ ಅಂಗೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು ಮುಂದಕ್ಕೆ ಬಾಗುತ್ತಿದ್ದರು. ಅಲ್ಲ, ಬಲಗಿವಿ ಎನ್ನುತ್ತಾಳೆ ನನ್ನ ತಂಗಿ. ಇರಬಹುದು. ಎಪ್ಪತ್ತರ ದಶಕದ ವಿಜಯನಗರವನ್ನು ನೆನೆಯಲು ಕೂತರೆ ಮನೆಗಳೇ ಜಾಗ ಬದಲಿಸುತ್ತವೆ. ಕಿವಿ ಬದಲಾದರೆ ಏನು ದೊಡ್ಡದು.

ತರಗತಿಯಲ್ಲಿ ಇಬ್ಬರು ಜಗಳಕ್ಕೆ ಬಿದ್ದರೆ ಅವರು ಬೆತ್ತ ಹಿಡಿಯುತ್ತಿರಲಿಲ್ಲ. "ಮೊದಲು ಅವಳ ಮಾತು ನೀನು ಹೇಳು. ಅವಳು ಹೌದು ಅನ್ನೋವರೆಗೂ ಹೇಳು. ಆಮೇಲೆ ಎಷ್ಟು ಬೇಕಾದ್ರೂ ಬಯ್ಯಿ." ಹೇಳುವುದರಲ್ಲೇ ಗಂಟೆ ಹೊಡೆದುಬಿಡುತ್ತಿತ್ತು. ಬಯ್ಯುವ ಸರದಿ ಬರುತ್ತಲೇ ಇರಲಿಲ್ಲ. "ಎರಡೇಟು ಹಾಕ್ಬಿಡಿ ಸಾರ್, ಸಾಕು" ಎಂದು ಒಬ್ಬಳು ಕೈ ಚಾಚಿದ್ದೂ ಉಂಟು.

ಅವರು ನಮ್ಮ ಬೀದಿಯವರೇ, ಬಡಾವಣೆಯ ಸಂಘಕ್ಕೆ ಅಧ್ಯಕ್ಷರು. ನಾನು ಹತ್ತನೇ ತರಗತಿಯಲ್ಲಿದ್ದಾಗ, ಬೀದಿಯ ಕೊನೆಯ ಖಾಲಿ ಜಾಗಕ್ಕೆ ಗೋಡೆ ಹಾಕಬೇಕೆಂಬ ಮಾತೆದ್ದಿತು. ಪಕ್ಕದ ಹೊಸಹಳ್ಳಿಯ ಎಮ್ಮೆಗಳು ಮೇಯಲು ಹೋಗುತ್ತಿದ್ದುದು ಆ ಜಾಗವನ್ನು ದಾಟಿಕೊಂಡೇ. ಅವುಗಳಲ್ಲೊಂದು ನನ್ನ ತಂಗಿಯನ್ನು ಕೆಡವಿ, ಅವಳ ಕೈ ಮುರಿದಿತ್ತು. ಗೋಡೆ ಬೇಕೇ ಬೇಕು ಎಂದು ಹಟ ಹಿಡಿದವರು ನಮ್ಮಪ್ಪ. ಬೇಡ ಎಂದವರು ನಮ್ಮ ಮನೆಗೇ ಹಾಲು ಹಾಕುತ್ತಿದ್ದ ಹೊಸಹಳ್ಳಿಯ ಹಾಲಿನಮ್ಮ. ದಾರಿ ಮುಚ್ಚಿದರೆ ಅವರು ಎಮ್ಮೆಗಳನ್ನು ಲಾರಿ ಓಡಾಡುವ ಮಾಗಡಿ ರಸ್ತೆಯಲ್ಲಿ ಹೊಡೆದುಕೊಂಡು ಹೋಗಬೇಕಿತ್ತು.

ಭಾನುವಾರ ಶಾಲೆಯಲ್ಲಿ ಸಭೆ. ನಾನೂ ಅಪ್ಪನ ಜೊತೆ ಹೋಗಿದ್ದೆ. ಮೇಷ್ಟ್ರು ದೊಡ್ಡವರಿಗೂ ಅದೇ ನಿಯಮ ಹಾಕಿದರು.

"ಸುತ್ತಿಕೊಂಡು ಹೋಗೋದು ಇವರಿಗೆ ಕಷ್ಟ, ಅಷ್ಟೇ ತಾನೆ?" ಎಂದರು ಅಪ್ಪ.

"ಅಲ್ಲ ಸ್ವಾಮಿ," ಎಂದರು ಹಾಲಿನಮ್ಮ.

"ಲಾರಿ ಭಯ."

"ಅದೂ ಅದೆ. ಆದ್ರೆ ಅದಲ್ಲ."

"ಇನ್ನೇನಮ್ಮ ಮತ್ತೆ? ನೀವೇ ಹೇಳಿ!"

"ನಮ್ಮಾವ ರಾಗಿ ಬಿತ್ತಿದ್ದ ಹೊಲ ಅದು. ನಿಮ್ಗೆ ಸೈಟ್ ಮಾಡುವಾಗ್ಲೂ ಯಾರೂ ನಮ್ಮನ್ನ ಕೇಳ್ಲಿಲ್ಲ. ಈಗ ನಡೆಯೋ ದಾರಿ ಮುಚ್ಚೋಕೂ ಕೇಳಲ್ಲ ಅಂದ್ರೆ ಎಂಗೆ?"

ಅಪ್ಪ ಅದನ್ನು ತಡವರಿಸಿ ತಿರುಗಿ ಹೇಳಿದರು. ಹಾಲಿನಮ್ಮ ತಲೆಯಾಡಿಸಿದರು. ಆಮೇಲೆ ಅವರ ಸರದಿ. "ಮಗು ಬಿದ್ದಾಗಿಂದ ನಿಮ್ಗೆ ನೆಮ್ದಿ ಇಲ್ಲ. ಎಮ್ಮೆ ಕೊರಳ ಗಂಟೆ ಕೇಳಿದ್ರೆ ಎದೆ ಹೊಡ್ಕೊತದೆ." ಅಪ್ಪ ಕನ್ನಡಕ ತೆಗೆದು "ಹೌದು" ಎಂದರು.

ಇಲ್ಲಿಗೆ ನಿಲ್ಲಿಸಿದರೆ ಒಳ್ಳೆಯ ಕಥೆಯಾಗುತ್ತದೆ. ಎಷ್ಟೋ ಸಲ ಇಲ್ಲಿಗೇ ನಿಲ್ಲಿಸಿ ಹೇಳಿದ್ದೇನೆ. ಸಭೆ ಅಲ್ಲಿಗೆ ನಿಲ್ಲಲಿಲ್ಲ. ಕೈ ಎತ್ತುವ ಹಕ್ಕು ಸಂಘದ ಸದಸ್ಯರಿಗೆ ಮಾತ್ರ, ಹೊಸಹಳ್ಳಿಯವರು ಸದಸ್ಯರಲ್ಲ. ನಮ್ಮವರಲ್ಲೇ ಎರಡೂ ಕಡೆ ಸಮ ಬಂತು. ಅಧ್ಯಕ್ಷರ ಕೈಯೊಂದೇ ಉಳಿದಿತ್ತು. ಮೇಷ್ಟ್ರು ಅದನ್ನು ಗೋಡೆಯ ಪರವಾಗಿ ಎತ್ತಿದರು.

ಬಾಗಿಲಲ್ಲೇ ತಡೆದು ಕೇಳಿದೆ: "ಹಾಗಾದ್ರೆ ಅವರನ್ನ ಅಷ್ಟೆಲ್ಲ ಮಾತಾಡಿಸಿದ್ದು ಯಾಕೆ ಸಾರ್?"

"ಮೊದಲು ನನ್ನ ಮಾತು ನೀನು ಹೇಳು."

ನಾನು ಹೇಳಲಿಲ್ಲ. ಅವರ ಜೊತೆ ಮಾತೇ ಬಿಟ್ಟೆ. ಗೋಡೆ ಎದ್ದಿತು. ವರ್ಷದೊಳಗೆ ಹಾಲಿನಮ್ಮ ಎಮ್ಮೆಗಳನ್ನು ಮಾರಿದರು.

ನಾಲ್ಕು ವರ್ಷದ ನಂತರ, ಮೇಷ್ಟ್ರು ರಾಜಾಜಿನಗರದ ಒಂದು ಆಸ್ಪತ್ರೆಯಲ್ಲಿದ್ದಾರೆಂದು ತಿಳಿದು ಹೋದೆ. ಹೇಗಿದ್ದೀರಿ ಎಂದೂ ಕೇಳಲಿಲ್ಲ. ಬಸ್ಸಿನಲ್ಲಿ ಜೋಡಿಸಿಕೊಂಡದ್ದನ್ನು ಒಪ್ಪಿಸಿದೆ: "ಗೋಡೆ ಬೇಡ ಅಂದಿದ್ರೆ ಬೀದಿ ಒಡೀತಿತ್ತು. ಮತ್ತೆ ಯಾರೂ ಒಟ್ಟಿಗೆ ಕೂತು ಮಾತಾಡ್ತಿರಲಿಲ್ಲ. ಅದಕ್ಕೇ ಕೈ ಎತ್ತಿದ್ರಿ."

"ಅಲ್ಲ."

"ನನ್ನ ತಂಗಿ ಕೈ ಮುರಿದಿತ್ತಲ್ಲ, ಅದಕ್ಕೆ."

"ಅಲ್ಲ ಕಣೇ. ನನಗೋಸ್ಕರ ಒಳ್ಳೊಳ್ಳೆ ಕಾರಣ ಹುಡುಕ್ಬೇಡ."

ಅವರ ಕಿವಿಯ ಹತ್ತಿರ ಬಾಗಿದೆ. "ನೀವು ಹೆದರಿದ್ರಿ," ಎಂದೆ.

"ಹೌದು. ನಿಮ್ಮಪ್ಪನ ಮುಖ ದಿನಾ ನೋಡ್ಬೇಕಿತ್ತು. ಹಾಲಿನಮ್ಮನ ಮುಖ ನೋಡದೇ ಇರಬಹುದಿತ್ತು. ಈಗ ಬಯ್ಯಿ."

ಬಯ್ದೆ. ನಾಲ್ಕು ವರ್ಷದ್ದನ್ನೂ ಸೇರಿಸಿ ಬಯ್ದೆ. ಪಕ್ಕದ ಹಾಸಿಗೆಯವರು ಎದ್ದು ಕೂತರು. ಮೇಷ್ಟ್ರು ಒಮ್ಮೆಯೂ ತಡೆಯಲಿಲ್ಲ. ನಾನು ನಿಲ್ಲಿಸಿದ ಮೇಲೆ, "ಈಗ ನನ್ನ ಸರದಿ. ನೀನು ಹೇಳೋದು ಏನಂದ್ರೆ..." ಎಂದು ಶುರು ಮಾಡಿದರು. ಉಸಿರು ಸಾಲಲಿಲ್ಲ. "ಭಾನುವಾರ ಬಾ. ಸರಿಯಾಗಿ ಹೇಳ್ತೀನಿ."

ಶುಕ್ರವಾರ ಹೋಗಿಬಿಟ್ಟರು. ಬಯ್ದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ನನ್ನ ಮಾತು ಅವರ ಬಾಯಲ್ಲಿ ಹೇಗಿರುತ್ತಿತ್ತೋ, ಅದು ನನಗೆ ಗೊತ್ತಾಗಲೇ ಇಲ್ಲ.