ಪಡದ ಬಳಗ

ಬೆಳಗಾಗುವ ಮುನ್ನ ಸಂಪದಾ ಮಾಡುವ ಕೆಲಸಗಳು: ನಲ್ಲಿಗೆ ನೀರು ಬಿಡುವ ದಿನವಾದರೆ ಡ್ರಮ್ಮು ತುಂಬಿಸುವುದು, ಅತ್ತೆ ವತ್ಸಲಾಬಾಯಿಯವರನ್ನು ಬಚ್ಚಲಿಗೆ ಕರೆದೊಯ್ದು ತಂದು ಕೂರಿಸುವುದು, ಅವರ ಮೊಣಕಾಲಿಗೆ ಎಣ್ಣೆ ತಿಕ್ಕುವುದು, ನೆನೆಯಿಟ್ಟ ಮಡಕಿ ಕಾಳು ಬಸಿದು ಮೊಳಕೆಗೆ ಬಟ್ಟೆಯಲ್ಲಿ ಕಟ್ಟುವುದು, ಗಂಡನಿಗೆ ಸಕ್ಕರೆ ಇಲ್ಲದ ಚಹಾ, ಅತ್ತೆಗೆ ಸಕ್ಕರೆ ಹಾಕಿದ ಚಹಾ. ಹಾಲು ಕಾಯುವಷ್ಟರಲ್ಲಿ ದ್ರಾಕ್ಷಿ ಬೆಳೆಗಾರರ ಮೇಲ್‌ಗಳನ್ನು ಓದುವುದು. ಈ ಕೊನೆಯದನ್ನು ಜಲನಗರದ ಆ ಮನೆಯಲ್ಲಿ ಯಾರೂ ಕೆಲಸವೆಂದು ಎಣಿಸಿಲ್ಲ. ಉಳಿದವನ್ನೂ ಅಷ್ಟಾಗಿ ಎಣಿಸಿಲ್ಲ.

ಇಂಟರ್ನೆಟ್ಟು ವಿಜಯಪುರಕ್ಕೆ ಹೊಸತಾಗಿದ್ದಾಗ ಅವಳು ಕಟ್ಟಿದ ಮೇಲ್ ಗುಂಪು ಅದು. ಹೆಸರು ‘ಪಡದ ಬಳಗ’. ಪಡ ಎಂದರೆ ಇಲ್ಲಿ ದ್ರಾಕ್ಷಿ ತೋಟ. ತಿಕೋಟಾದವರೊಬ್ಬರು ಪ್ರಶ್ನೆ ಬರೆದರೆ ಸದಸ್ಯರೆಲ್ಲರಿಗೂ ತಲುಪುತ್ತದೆ. ಅದಕ್ಕೆ ಮೊದಲು ಸಂಪದಾಳ ಬಳಿ ನಿಲ್ಲುತ್ತದೆ. ಅವಳು ಜಗಳ, ಜಾಹೀರಾತು ತೆಗೆದು, ಔಷಧದ ಅಳತೆ ತಪ್ಪಿದ್ದರೆ ಸದ್ದಿಲ್ಲದೆ ತಿದ್ದಿ, ಮುಂದೆ ಬಿಡುತ್ತಾಳೆ.

ಧಾರವಾಡದಲ್ಲಿ ಕೃಷಿ ಬಿ.ಎಸ್ಸಿ. ಓದಿದವಳು ಅವಳು. ಗಂಡ ನಂದಕಿಶೋರ ಬ್ಯಾಂಕಿನಲ್ಲಿ ಗುಮಾಸ್ತ. ಗೋಳಗುಮ್ಮಟದ ಹತ್ತಿರ ಫಕ್ರುದ್ದೀನನ ಇಂಟರ್ನೆಟ್ ಅಂಗಡಿಯಲ್ಲಿ ಖಾತೆ ತೆರೆಯುವಾಗ ಗಂಡ ಪಕ್ಕದಲ್ಲಿ ಕೂತಿದ್ದ. “ಹೆಂಗಸಿನ ಹೆಸರು ಕಂಡ್ರ ಯಾರೂ ಓದೂದಿಲ್ಲ” ಎಂದು ತನ್ನ ಹೆಸರನ್ನೇ ಒತ್ತಿದ. ಆಗ ಅವಳಿಗೂ ಅದು ಸರಿಯೆನಿಸಿತ್ತು. ಅಲ್ಲಿಂದಾಚೆಗೆ ಅವಳು ಬರೆದದ್ದೆಲ್ಲ ‘ನಂದಕಿಶೋರ ಸರ್’ ಬರೆದದ್ದಾಯಿತು.

ಬಬಲೇಶ್ವರದ ಬಸವರಾಜ ಮನೆಗೆ ಫೋನು ಮಾಡುತ್ತಿದ್ದ. “ಅಕ್ಕಾರ, ಸರ್ ಅದಾರೇನ್ರಿ?”

“ಬ್ಯಾಂಕಿಗೆ ಹೋಗ್ಯಾರ್ರಿ.”

“ಔಷಧ ಹೊಡದ ಮ್ಯಾಲ ಮಳಿ ಬಂತ್ರಿ. ಮತ್ತ ಹೊಡೀಬೇಕೋ ಬ್ಯಾಡೋ, ಕೇಳಿ ಹೇಳ್ರಿ.”

ಉತ್ತರ ಅವಳ ನಾಲಿಗೆಯ ಮೇಲೇ ಇರುತ್ತಿತ್ತು. ಆದರೂ “ಸಂಜೀಕ ಕೇಳಿ ಹೇಳ್ತೇನ್ರಿ” ಎನ್ನುತ್ತಿದ್ದಳು. ಹೀಗೆ ಕಾಯಿಸಿದ ಒಂದು ಸಲ ಬಸವರಾಜನ ಪಡದ ಎರಡು ಸಾಲಿಗೆ ರೋಗ ಹತ್ತಿತು. ಅವನು ಸರ್ ಅವರನ್ನು ಬಯ್ಯಲಿಲ್ಲ. “ಅಕ್ಕಾರು ಮರತಿರಬೇಕು” ಎಂದ.

ಬಳಗದ ಮೇಲ್‌ಗಳಿಗೆ ಜಾಗ ಕೊಟ್ಟಿದ್ದ ಇಂಟರ್ನೆಟ್ ಕಂಪನಿ ಮುಂದೆ ಆ ಸೇವೆಯನ್ನೇ ನಿಲ್ಲಿಸಿತು. ಸೊಂಟ ಮುರಿದು ಮಲಗಿದ್ದ ಅತ್ತೆಯ ಮಂಚದ ಪಕ್ಕ ಕೂತು ಸಂಪದಾ ಹಳೆಯ ಮೇಲ್‌ಗಳನ್ನೆಲ್ಲ ಹೊಸ ಜಾಗಕ್ಕೆ ಸಾಗಿಸಿದಳು. ವಾಟ್ಸಾಪ್ ಬಂದ ಮೇಲೂ ಬಳಗ ಉಳಿಯಿತು; ಹಳೆಯ ಉತ್ತರ ಹುಡುಕಿದರೆ ಸಿಗುವುದು ಅಲ್ಲೇ.

ಈ ವರ್ಷ ಚಾಟ್ನಿಯ ಹೊತ್ತಿಗೆ, ಎಂದರೆ ಬಳ್ಳಿ ಕತ್ತರಿಸುವ ಗಡಿಬಿಡಿಯ ನಡುವೆಯೇ, ಬಸವರಾಜ ಬಳಗಕ್ಕೊಂದು ಆಮಂತ್ರಣ ಕಳಿಸಿದ. ತಿಕೋಟಾದಲ್ಲಿ ಸಮಾರಂಭ, ಬಳಗ ಕಟ್ಟಿ ಬೆಳೆಸಿದ ನಂದಕಿಶೋರ ಅವರಿಗೆ ಸತ್ಕಾರ. ಎಲ್ಲ ಮೇಲ್‌ಗಳಂತೆ ಅದೂ ಸಂಪದಾಳ ಒಪ್ಪಿಗೆಗೆ ಬಂದು ನಿಂತಿತು.

ನಂದಕಿಶೋರನಿಗೆ ಸುದ್ದಿ ಮೊದಲೇ ಫೋನಿನಲ್ಲಿ ತಿಳಿದಿತ್ತು. “ಒಂದು ಭಾಷಣಾ ಬರದ ಕೊಡು. ಸಣ್ಣದು ಸಾಕು.”

“ಶಾಲು ನಿಮಗ, ಭಾಷಣಾ ನಂದೇನ್ರಿ?”

“ಮನಿಗೇ ಬರ್ತದಲ್ಲ ಶಾಲು. ನೀನೂ ಹೊದ್ಕೋ.”

ಮಂಚದಿಂದ ವತ್ಸಲಾಬಾಯಿ ನಕ್ಕರು. “ದ್ರಾಕ್ಷಿ ಬಳ್ಳಿ ಯಾವುದು, ಅವರಿ ಬಳ್ಳಿ ಯಾವುದು, ಇವಂಗ ಗೊತ್ತಿಲ್ಲ. ಇವಂಗ ಸತ್ಕಾರ ಅಂತ.” ಮಗ ಹೊರಗೆ ಹೋದ ಮೇಲೆ ದನಿ ಇಳಿಸಿದರು. “ಆದ್ರೂ ಸಂಪದಾ, ನಾಕ ಮಂದ್ಯಾಗ ಅವನ ಮಾರಿ ಸಣ್ಣದ ಮಾಡಬ್ಯಾಡವಾ. ಇಷ್ಟ ದಿನಾ ನಡದದ.”

ಸಂಪದಾ ಅಡುಗೆಮನೆಗೆ ಬಂದಳು. ಒಲೆಯ ಮೇಲೆ ಕುಕ್ಕರಿತ್ತು. ಆಮಂತ್ರಣವನ್ನು ಮತ್ತೊಮ್ಮೆ ಓದಿದಳು. ಗಂಡನ ಹೆಸರಿನ ಜಾಗದಲ್ಲಿ ತನ್ನ ಹೆಸರು ಹಾಕಿ, ಎಂದಿನಂತೆ ತಿದ್ದಿ ಬಿಟ್ಟಿದ್ದರೆ ಕೆಲಸ ಮುಗಿಯುತ್ತಿತ್ತು. ಇದ್ದಂತೆಯೇ ಬಿಟ್ಟಿದ್ದರೆ ಮನೆ ತಣ್ಣಗಿರುತ್ತಿತ್ತು. ಅವಳು ಎರಡನ್ನೂ ಮಾಡಲಿಲ್ಲ. ಆಮಂತ್ರಣವನ್ನು ಬಸವರಾಜನಿಗೆ ವಾಪಸು ಕಳಿಸಿ ಬರೆದಳು: “ಇದರಲ್ಲಿ ತಪ್ಪಿದೆ. ಮೊದಲಿನಿಂದ ನಿಮಗೆ ಉತ್ತರ ಬರೆದವಳು ನಾನು. ನೀವೇ ತಿದ್ದಿ ಕಳಿಸಿರಿ, ಆಮೇಲೆ ಎಲ್ಲರಿಗೂ ಬಿಡುತ್ತೇನೆ. — ಸಂಪದಾ.”