ಬೆಣ್ಣೆ ಮಾಸ್ಟರ್ ಹಂಚು ತಿಕ್ಕಿದ್ದು

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಹೋಟೆಲೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ಬೆಣ್ಣೆದೋಸೆ ಹುಯ್ಯುತ್ತಿರುವ ರುದ್ರಮುನಿ ಮಾಸ್ಟರಿಗೆ, ದೋಸೆ ಹಂಚಿಗೆ ಅಂಟಿಕೊಳ್ಳುವುದೂ ಉಂಟು ಎಂಬುದೇ ಗೊತ್ತಿರಲಿಲ್ಲ. ಅವರು ಬೆಣ್ಣೆ ಎಸೆಯುವರು, ದೋಸೆ ಜಾರುವುದು, ಗಿರಾಕಿ ಕಣ್ಣು ಮುಚ್ಚುವನು. ಇದನ್ನೇ ಮಾಸ್ಟರು ತಮ್ಮ ಕೈಗುಣ ಎಂದು ನಂಬಿದ್ದರು.

ಆಪತ್ತು ಹರಿಹರದಿಂದ ಬಂತು. ಮಗಳು ಚೈತ್ರಾಳ ಮಾವ ಗುತ್ತೆಪ್ಪನವರ ಎದೆಗೆ ಸ್ಟೆಂಟ್ ಹಾಕಿದ ಡಾಕ್ಟರು ಎಣ್ಣೆ, ಬೆಣ್ಣೆ ಎರಡನ್ನೂ ಗಡಿಪಾರು ಮಾಡಿದ್ದರು. ಮೂರು ತಿಂಗಳಿಂದ ದೋಸೆಯ ಮುಖ ಕಾಣದ ಬೀಗರು ಫೋನಿನಲ್ಲಿ ಕೆಣಕಿದರು:

“ಮಾಸ್ಟರ್ ಅಂತ ಊರೆಲ್ಲ ಕರೀತೈತಲ್ರಿ ಬೀಗ್ರೆ. ಒಂದು ಹನಿ ಜಿಡ್ಡಿಲ್ದೆ ಒಂದು ದೋಸೆ ಎಬ್ಬಿಸ್ರಿ ನೋಡಾನ. ಆಗ್ಲಿಲ್ಲ ಅಂದ್ರೆ, ಹೆಸರು ನಿಮ್ಮದಲ್ಲ, ಬೆಣ್ಣೆಯದು ಅಂತ ಹರಿಹರದ ತುಂಬ ಸಾರ್ತೀನಿ.”

ಸೋಮವಾರ ಹೋಟೆಲಿಗೆ ರಜೆ. ಮಾಸ್ಟರು ಹಿಟ್ಟಿನ ಡಬ್ಬಿ ಅಪ್ಪಿಕೊಂಡು ಹರಿಹರದ ಬಸ್ಸೇರಿದರು. ಚೈತ್ರಾ ಮೊಬೈಲಿಗೆ ಎಣ್ಣೆಯಿಲ್ಲದ ದೋಸೆಯ ವಿಡಿಯೋ ಮೇಲೆ ವಿಡಿಯೋ ಕಳಿಸಿದ್ದಳು. ಒಬ್ಬಾಕೆ ಅರ್ಧ ಈರುಳ್ಳಿಯಿಂದ ಉಜ್ಜು ಎನ್ನುತ್ತಿದ್ದಳು, ಇನ್ನೊಬ್ಬಾಕೆ ಉಪ್ಪುನೀರು ಚಿಮುಕಿಸು, ಮತ್ತೊಬ್ಬ ಬದನೆಕಾಯಿ ತೊಟ್ಟೇ ಸರ್ವಶ್ರೇಷ್ಠ. ಬಸ್ಸು ದಾರಿಯ ಬಾತಿ ಊರು ದಾಟುವಷ್ಟರಲ್ಲಿ ಮಾಸ್ಟರು ಈರುಳ್ಳಿ ಚಿಮುಕಿಸುವುದೋ ಉಪ್ಪು ಉಜ್ಜುವುದೋ ಎಂಬಲ್ಲಿಗೆ ಬಂದಿದ್ದರು.

ಬೀಗರ ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಚೈತ್ರಾ ಕೆಲಸಕ್ಕೆ, ಬೀಗಿತ್ತಿ ಕೊಟ್ರವ್ವ ಸಂತೆಗೆ ಹೋಗಿದ್ದರು. ಒಲೆಯ ಮೇಲೆ ಕಬ್ಬಿಣದ ದೋಸೆ ಹಂಚು, ಇದ್ದಿಲಿನಂತೆ ಕರ್ರಗೆ ಮಿರುಗುತ್ತಿತ್ತು. ಮಾಸ್ಟರು ಬೆಚ್ಚಿದರು. ಎಷ್ಟು ವರ್ಷದ ಎಣ್ಣೆ ಇದರೊಳಗೆ ಅಡಗಿ ಕೂತಿದೆಯೋ! ಅದರಲ್ಲಿ ಒಂದು ಹನಿ ಹೊರಬಂದು ಬೀಗರ ಎದೆ ಹೊಕ್ಕರೆ? ಹುಣಸೆಹಣ್ಣು, ಸೋಪಿನ ಪುಡಿ, ಸ್ಟೀಲ್ ನಾರು ಹಿಡಿದು ಯುದ್ಧಕ್ಕಿಳಿದರು. ಒಂದು ಗಂಟೆಯಲ್ಲಿ ಹಂಚಿನಲ್ಲಿ ತಮ್ಮ ಮೀಸೆ ಕಾಣುವಂತೆ ಬೆಳಗಿದರು.

ಚೀಲ ಹಿಡಿದು ಬಂದ ಕೊಟ್ರವ್ವ ಬಾಗಿಲಲ್ಲೇ ನಿಂತರು. “ಅಯ್ಯೋ ಅಣ್ಣಾರೆ, ನಮ್ಮತ್ತೆ ಕಾಲದ ಹಂಚು! ಏನು ಮಾಡಿದ್ರಿ?”

“ಜಿಡ್ಡು ತೆಗೆದೆ ಅಕ್ಕಾರೆ.”

ಗುತ್ತೆಪ್ಪ ಅಡುಗೆಮನೆಯ ಬಾಗಿಲಿಗೆ ಕುರ್ಚಿ ಎಳೆದು ಕೂತರು. ಮೊದಲನೆಯ ದೋಸೆಗೆ ಈರುಳ್ಳಿ ಉಜ್ಜಿದ್ದಾಯಿತು. ಅದು ಹಂಚನ್ನು ತವರುಮನೆ ಎಂದು ತಿಳಿದು ಏಳಲೇ ಇಲ್ಲ. ಎರಡನೆಯದಕ್ಕೆ ಉಪ್ಪುನೀರು, ಅದು ಚಿಂದಿಯಾಗಿ ಎದ್ದಿತು. ಮೂರನೆಯದಕ್ಕೆ ಬದನೆಕಾಯಿ ತೊಟ್ಟು, ತೊಟ್ಟೂ ಅಂಟಿಕೊಂಡಿತು.

“ಬೀಗ್ರೆ, ಇದು ದೋಸೆನೋ ಗ್ವಾಡೆಗೆ ಹಚ್ಚಿದ ಸುಣ್ಣನೋ?” ಗುತ್ತೆಪ್ಪ ಕೇಳಿದರು.

ಮಾಸ್ಟರ ಬಲಗೈ ಅಭ್ಯಾಸಬಲದಿಂದ ಬೆಣ್ಣೆ ಪಾತ್ರೆ ಇರಬೇಕಾದ ಕಡೆ ಹೋಗಿ ಗಾಳಿ ಹಿಡಿದು ಬಂತು. ಹಣೆಯ ಬೆವರು ಒರೆಸಿಕೊಂಡರು. ಇದೇ ಹಿಟ್ಟು, ಇದೇ ಕೈ. ಏನಾಯಿತು?

ಕೊಟ್ರವ್ವ ಅವರನ್ನು ಪಕ್ಕಕ್ಕೆ ಸರಿಸಿದರು. ಹಂಚು ಕೆರೆದು ತೊಳೆದು ಕಾಯಿಸಿ, ಬಟ್ಟೆಗೆ ಅರ್ಧ ಚಮಚ ಎಣ್ಣೆ ಹಾಕಿ ಒರೆಸಿ, ಹೊಗೆ ಏಳುವವರೆಗೆ ಸುಟ್ಟು, ಮತ್ತೆ ಒಣಬಟ್ಟೆಯಲ್ಲಿ ಉಜ್ಜಿದರು. ಹೀಗೆ ನಾಲ್ಕು ಸಲ. ಹಂಚಿಗೆ ತುಸು ಕಪ್ಪು ಮರಳಿತು.

“ಡಾಕ್ಟ್ರು ಎಣ್ಣೆ ಬ್ಯಾಡ ಅಂದಿದ್ರಲ್ಲ ಅಕ್ಕಾರೆ?”

“ಎಣ್ಣೆ ಹಂಚು ಕುಡೀಬೇಕ್ರಿ, ಇವರಲ್ಲ. ಕುಡಿದು ಸುಟ್ಟು ಗಟ್ಟಿಯಾದ್ರೆ ಅದು ಹೊರಗ ಬರಲ್ಲ, ಹಿಟ್ಟನ್ನೂ ಒಳಗ ಬಿಡಲ್ಲ.”

“ಹಂಗಾದ್ರೆ ನಾ ತಿಕ್ಕಿ ತೆಗೆದಿದ್ದು?”

“ಅದೇ.”

ಮಾಸ್ಟರಿಗೆ ತಲೆ ಗಿರ್ರೆಂದಿತು. ಎಣ್ಣೆ ಇಲ್ಲದ ದೋಸೆಗೆ ಎಣ್ಣೆ ಕುಡಿದ ಹಂಚು! ಈರುಳ್ಳಿ ಉಜ್ಜಿ, ಉರಿ ಸಣ್ಣ ಮಾಡಿ, ಹಿಟ್ಟು ಹುಯ್ದು ಮಗುಚುವ ಕೈ ಎತ್ತಿದರು.

“ತಡೀರಿ ಅಣ್ಣಾರೆ. ಅಂಚು ತಾನೇ ಏಳ್ತೈತೆ.”

ಹೋಟೆಲಿನಲ್ಲಿ ಇಷ್ಟು ಹೊತ್ತಿಗೆ ಹತ್ತು ದೋಸೆ ಹೋಗಿರುತ್ತಿದ್ದವು. ಮಾಸ್ಟರು ಎತ್ತಿದ ಕೈ ಇಳಿಸಿ ನೋಡಿದರು. ಅಂಚು ಎದ್ದಿತು. ಆಮೇಲೆ ದೋಸೆಯೇ ಇಡಿಯಾಗಿ ಎದ್ದಿತು.

ಗುತ್ತೆಪ್ಪ ಒಂದು ತುಂಡು ಮುರಿದು ಬಾಯಿಗಿಟ್ಟು, ಬಹಳ ಹೊತ್ತು ಅಗಿದರು. ಕಣ್ಣಲ್ಲಿ ನೀರಾಡಿತು. “ಆತು ಬೀಗ್ರೆ, ಗೆದ್ರಿ.”

ಹೂಂ ಎಂದುಬಿಟ್ಟಿದ್ದರೆ ಹೆಸರು ಉಳಿಯುತ್ತಿತ್ತು. ಆದರೆ ಮಾಸ್ಟರ ಬಾಯಿಂದ ಬಂದದ್ದೇ ಬೇರೆ: “ನಾನಲ್ರಿ, ಅಕ್ಕಾರು ಎಬ್ಬಿಸಿದ್ದು.”

“ಮತ್ತೆ ನೀವೇನು ಮಾಡಿದ್ರಿ?”

ಮಾಸ್ಟರು ಪ್ರಾಮಾಣಿಕವಾಗಿ ಯೋಚಿಸಿದರು. “ಅದೇ ತಿಳೀವಲ್ದು ನೋಡ್ರಿ.”

ಬೀಗರು ನಗುತ್ತಲೇ ಖಾಲಿ ತಟ್ಟೆ ಚಾಚಿದರು. ಮಾಸ್ಟರು ಸೌಟು ಎತ್ತಿ, ಈಗ ಹುಯ್ಯಲೋ ಇನ್ನೂ ತಡೆಯಲೋ ಗೊತ್ತಾಗದೆ, ಕೊಟ್ರವ್ವನ ಮುಖ ನೋಡಿದರು.