ಮಾವನಿಗೆ ಕೇಳಿಸಿದ ದೊರೆ ದನಿ

ನಾನು ಕಾದಂಬರಿ ಬರೆಯುವವನಾದದ್ದು ತಮಿಳುನಾಡಿಗೆ ಸೇರಿದ ನಮ್ಮ ಕನ್ನಡದ ತಾಳವಾಡಿಯಲ್ಲಿ ಜಮಾಬಂದಿ ನಡೆದ ಒಂದು ದಿನ, ನನ್ನ ಸೋದರಮಾವನ ಹೊಲಕ್ಕೆ ನಾನೇ ಇನ್ನೇನು ಕಲ್ಲು ಹಾಕಿಬಿಟ್ಟೆ ಅನ್ನುವಾಗ. ಬರವಣಿಗೆಗೆ ಪ್ರೇರಣೆ ಏನು ಅಂತ ಯಾರಾದರೂ ಗಂಭೀರವಾಗಿ ಕೇಳಿದರೆ ಬೆಟ್ಟ, ಕಾಡು, ಮಣ್ಣು ಅಂತೇನೋ ಅಂದು ಜಾರಿಕೊಳ್ಳುತ್ತೇನೆ. ನಿಜ ಇದು.

ಎಪ್ಪತ್ತರ ದಶಕ ಮುಗಿಯುತ್ತಿತ್ತು, ನನಗೆ ಹತ್ತೊಂಬತ್ತು. ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು, ಸಿಕ್ಕಸಿಕ್ಕವರನ್ನು ಅಣಕಿಸುವುದನ್ನೇ ಉದ್ಯೋಗ ಮಾಡಿಕೊಂಡಿದ್ದೆ. ಮಂತ್ರದ ನಡುವೆ ಆಕಳಿಸುವ ಪೂಜಾರಿ, ಚಿಲ್ಲರೆ ಕೇಳಿದರೆ ಕಿವುಡಾಗುವ ಕಂಡಕ್ಟರು, ಯಾರೂ ಸಿಗದಿದ್ದರೆ ಕನ್ನಡಿ ಮುಂದೆ ಮೀಸೆ ಹುಡುಕುವ ನಾನೇ. ಆದರೆ ಜನ ಕೇಳಿ ಕೇಳಿ ಮಾಡಿಸುತ್ತಿದ್ದದ್ದು ದೊರೆ ದನಿ, ದೊಡ್ಡ ಅಧಿಕಾರಿ ಗದರುವ ದನಿ. ಎದೆಯಲ್ಲಿ ಗುಡುಗು ತುಂಬಿಕೊಂಡು, ಅದನ್ನು ಮೂಗಿನಿಂದ ಹೊರಗೆ ಬಿಟ್ಟು, ತಮಿಳನ್ನು ಮುರಿದು ಮುರಿದು, "ನಾಳೈಕ್ಕು ವಾ. ಪೋ." ನಾಳೆ ಬಾ, ಹೋಗು. ಇಷ್ಟೇ. ಇಷ್ಟಕ್ಕೇ ನಮ್ಮವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಜಮಾಬಂದಿ ಅಂದರೆ ಕಂದಾಯದ ಅಧಿಕಾರಿ ಕೆಳಗಿನಿಂದ ದಿಂಬಂ ಘಾಟಿ ಹತ್ತಿ ಬಂದು, ಒಂದೇ ಒಂದು ದಿನ ಶಾಲೆಯಲ್ಲಿ ಕೂತು, ಜನರ ಅರ್ಜಿ ಕೇಳುವುದು. ಅವತ್ತು ಬೆಳಿಗ್ಗೆ ನಾನು ಗೆಳೆಯನ ಜೊತೆ ಶಾಲೆಯ ಹಿಂದೆ ನಿಂತು, ಖಾಲಿ ಕೋಣೆಯ ಕಿಟಕಿಯೊಳಕ್ಕೆ ತಲೆ ತೂರಿಸಿ ದೊರೆ ದನಿ ಬಿಟ್ಟೆ. ಖಾಲಿ ಕೋಣೆ ಅದನ್ನು ಇಮ್ಮಡಿ ಮಾಡಿ ಮುಂಬಾಗಿಲಿಗೆ ಕಳಿಸಿತು. ನಾನು ಸುತ್ತ ನೆರೆದ ನಾಲ್ಕು ಹುಡುಗರ ಚಪ್ಪಾಳೆಗೆ ಬಾಗಿ ನಮಸ್ಕಾರ ಮಾಡುತ್ತಿದ್ದೆ. ಮಧ್ಯಾಹ್ನ ಮುಂದುಗಡೆ ಹೋಗಿ ಸುದ್ದಿ ತಿಳಿದು ಬಂದ ಗೆಳೆಯನ ಮುಖದಲ್ಲಿ ಮಾತ್ರ ನಗುವಿರಲಿಲ್ಲ.

"ಬೆಳಿಗ್ಗೆ ನಿಮ್ಮಾವ ಮೆಟ್ಲು ಅತ್ತವ್ನು ನಿನ್ ದನಿ ಕೇಳಿ ಅಂಗೇ ಕೈಮುಗ್ದು ವಾಪಸ್ ಒಂಟೋದ ಕಣ್ಲಾ."

ಮಾವನ ಹೊಲ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇತ್ತು. ಹೊಲದ ಹಕ್ಕುಪತ್ರ, ಅಂದರೆ ಪಟ್ಟಾ, ಅವನ ಹೆಸರಿಗಾದರೆ ಬಾವಿಗೆ ಕರೆಂಟು, ಮೋಟಾರು. ಇಲ್ಲವಾದರೆ ಮುಂದಿನ ಜಮಾಬಂದಿವರೆಗೂ ಎತ್ತು ಕಟ್ಟಿ ನೀರೆತ್ತುವುದೇ ಗತಿ. ಅಧಿಕಾರಿಯ ಜೀಪು ಮೂರು ಗಂಟೆಗೆ ಹೊರಡುತ್ತದೆ, ಆನೆ ರಸ್ತೆಗಿಳಿಯುವ ಮುಂಚೆ ಘಾಟಿ ಇಳಿಯಬೇಕಲ್ಲ. ನಾನು ಅಷ್ಟು ಧಾರಾಳವಾಗಿ ಕೊಟ್ಟ ಆ ನಾಳೆ ಇರಲೇ ಇಲ್ಲ.

ಗೆಳೆಯನ ಸೈಕಲ್ ಕಿತ್ತುಕೊಂಡು ಮಾವನ ಊರು ಗೆಟ್ಟವಾಡಿ ಕಡೆ ತುಳಿದೆ. ಅಷ್ಟು ಜೋರಾಗಿ ನಾನು ಯಾವ ಒಳ್ಳೆ ಕೆಲಸಕ್ಕೂ ತುಳಿದವನಲ್ಲ. ಮಾವ ಆಗಲೇ ಹೊಲದಲ್ಲಿ ಎತ್ತಿಗೆ ಹಗ್ಗ ಬಿಗಿಯುತ್ತಿದ್ದ. ಅಧಿಕಾರಿ ಮನಸ್ಸು ಬದಲಾಯಿಸಿದ್ದಾರೆ, ಈಗಲೇ ಬರಬೇಕಂತೆ ಅಂದೆ. ದೊರೆ ಆಡಿದ ಮಾತು ತಿರುಗಿಸುತ್ತಾರಾ ಅಂತ ಮಾವ ಒಂದು ಗಳಿಗೆ ಯೋಚಿಸಿದ. ಆಮೇಲೆ ಕಾಗದದ ಗಂಟನ್ನು ಎದೆಗವಚಿಕೊಂಡು ಕ್ಯಾರಿಯರ್ ಮೇಲೆ ಕೂತ.

ನಾವು ತಲುಪಿದಾಗ ಜೀಪು ಗುರುಗುಡುತ್ತಿತ್ತು. ನಾನು ಅದರ ಮುಂದೆ ಸೈಕಲ್ ಅಡ್ಡ ಹಾಕಿ ಹೆಚ್ಚುಕಡಿಮೆ ಬಿದ್ದೇಬಿಟ್ಟೆ. ಅಧಿಕಾರಿ ಕೆಳಗಿಳಿದರು. ಸಣಕಲು ಮನುಷ್ಯ, ದನಿಯೂ ನೂಲಿನ ಎಳೆಯಂಥದು. ಗದರಲಿಲ್ಲ. ಮೇಜು ಮತ್ತೆ ಹಾಕಿಸಿ, ಮಾವನಿಗೆ ಕುರ್ಚಿ ತೋರಿಸಿ, ಕೂತ್ಕೊಳ್ಳಿ ಅಯ್ಯಾ ಅಂತ ತಮಿಳಿನಲ್ಲಿ ಹೇಳಿದರು.

ಮಾವ ಕೂರಲಿಲ್ಲ. ಗಂಟು ಬಿಚ್ಚಲಿಲ್ಲ. ನನ್ನ ಕಡೆ ತಿರುಗಿ, "ಇವ್ರು ದೊರೆ ಅಲ್ಲ ಕಣ್ಲಾ ಅಳಿಮಯ್ಯ. ಯಾರೋ ಗುಮಾಸ್ತ್ರು. ತಾತನ್ ಕಾಗ್ದವ ಇವ್ರ ಕೈಗೆ ಕೊಟ್ಬುಡಾಕಾಯ್ತದಾ? ಬೆಳಿಗ್ಗೆ ಗದರುದ್ರಲ್ಲ, ಅವ್ರ ಕರಿ," ಅಂದ.

ಪಕ್ಕದಲ್ಲಿದ್ದ ಗುಮಾಸ್ತ ಅದನ್ನು ತಮಿಳಿನಲ್ಲಿ ಹೇಳಿದ. ಅಧಿಕಾರಿ ಗಡಿಯಾರ ನೋಡಿಕೊಂಡರು. ಬೆಳಿಗ್ಗೆಯಿಂದ ತಾವು ಯಾರನ್ನೂ ಗದರಿಲ್ಲವಲ್ಲ ಅಂದರು. ಇಡೀ ಜಗಲಿ ನನ್ನತ್ತ ತಿರುಗಿತು. ಬಾಯಲ್ಲಿ ಹೇಳಲು ಧೈರ್ಯ ಸಾಲದೆ ದನಿಯನ್ನೇ ಬಿಟ್ಟೆ, "ನಾಳೈಕ್ಕು ವಾ. ಪೋ." ಮಾವನ ಕೈ ತಾನಾಗಿಯೇ ಮುಗಿದುಕೊಂಡಿತು. ಮಾಡುತ್ತಿರುವವನು ನಾನು ಅಂತ ಕಣ್ಣಾರೆ ನೋಡುತ್ತಿದ್ದೂ.

ಇದು ಯಾರ ದನಿ, ತಮ್ಮದಲ್ಲವಲ್ಲ ಅಂತ ಅಧಿಕಾರಿ ಕೇಳಿದರು. ಅದುವರೆಗೂ ನಾನು ಆ ಪ್ರಶ್ನೆಯನ್ನು ಕೇಳಿಕೊಂಡೇ ಇರಲಿಲ್ಲ. ಅಜ್ಜಿಯದು ಅಂದೆ. ಅಜ್ಜಿ ಹುಡುಗಿಯಾಗಿದ್ದಾಗ ಕಾಡಿನ ಬಂಗಲೆಗೆ ಮಜ್ಜಿಗೆ ಹೊರುತ್ತಿದ್ದಳು, ಅಲ್ಲಿದ್ದ ಬಿಳಿ ದೊರೆಯನ್ನು ಅಣಕಿಸುತ್ತಿದ್ದಳು, ನಾನು ಅವಳಿಂದ ಕಲಿತೆ. ಅಂದರೆ ನಾನು ಕಂಡೇ ಇಲ್ಲದ ಮನುಷ್ಯ, ಅವನು ಹೋಗಿ ಮೂವತ್ತು ವರ್ಷದ ಮೇಲೂ, ನನ್ನ ಬಾಯಲ್ಲಿ ಬಿಡಾರ ಮಾಡಿಕೊಂಡು ನಮ್ಮ ಮಾವನನ್ನು ಮೆಟ್ಟಿಲಿಂದ ಇಳಿಸಿ ಕಳಿಸಿದ್ದ. ನನಗೆ ಮೈ ಜುಮ್ಮೆಂದಿತು. ಹೆದರಿಕೆಯೂ ಹೌದು, ಖುಷಿಯೂ ಹೌದು. ಮರುದಿನ ನೋಟ್‌ಬುಕ್ಕಿನಲ್ಲಿ ಬರೆಯಲು ಕೂತದ್ದು ಅದಕ್ಕೇ. ಇವತ್ತಿಗೂ ಒಂದು ಪಾತ್ರ ಬಾಯಿ ತೆರೆದರೆ, ಇದು ಯಾರು ಆಡುತ್ತಿರುವುದು ಅಂತ ಕೇಳದೆ ಮುಂದಿನ ಸಾಲಿಗೆ ಹೋಗಲಾರೆ.

ಆದರೆ ಮಾವನಿಗೆ ಬೇಕಿದ್ದದ್ದು ಪಟ್ಟಾ. ಅವನು ಮೇಜಿನ ಹತ್ತಿರ ಬಂದು ನಿಧಾನಕ್ಕೆ ಹೇಳಿದ, "ಸ್ವಾಮಿ, ನೀವೇ ದೊರೆ ಆದ್ರೆ ಒಂದ್ಸಲ ಗದ್ರಿ. ಕೇಳ್ಕಂಡು ಕೊಡ್ತೀನಿ."

ಗುಮಾಸ್ತ ನಗು ತಡೆದುಕೊಂಡು ತಮಿಳಿಗೆ ತಿರುಗಿಸಿದ. ಅಧಿಕಾರಿ ಗಂಟಲು ಸರಿ ಮಾಡಿಕೊಂಡು ಪ್ರಯತ್ನಿಸಿದರು. ಬೆಕ್ಕಿನ ಮರಿ ಸೀನಿದ ಹಾಗಾಯಿತು. ಮಾವ ತಲೆಯಾಡಿಸಿದ. ನಾನು ತಡೆಯಲಾರದೆ, ಸಾರ್, ಎದೆಯಿಂದ ಬರಬೇಕು, ಮೂಗಿನಿಂದ ಬಿಡಿ ಅಂತ ತೋರಿಸಿಕೊಟ್ಟೆ. ಅವರು ನನ್ನನ್ನು ನೋಡಿ ನೋಡಿ, ಎರಡನೇ ಸಲ ತಪ್ಪಿ, ಮೂರನೇ ಸಲಕ್ಕೆ ಹೊರಡಿಸಿಯೇಬಿಟ್ಟರು. ಜಗಲಿಯ ಮೇಲೆ ಒರಗಿದ್ದವರೆಲ್ಲ ನೆಟ್ಟಗೆ ನಿಂತರು. ಅಧಿಕಾರಿ ತಮ್ಮದೇ ದನಿಗೆ ಬೆಚ್ಚಿದಂತೆ ಬಾಯಿ ಮೇಲೆ ಕೈಯಿಟ್ಟುಕೊಂಡರು. ಯಾರೂ ನಗಲಿಲ್ಲ, ನಾನೂ.

ಮಾವನ ಮುಖ ಮಾತ್ರ ತಿಳಿಯಾಯಿತು. ಗಂಟು ಬಿಚ್ಚಿದ, ಪಟ್ಟಾದ ಅರ್ಜಿಗೆ ಹೆಬ್ಬೆಟ್ಟು ಒತ್ತಿದ, ಮಸಿಯನ್ನು ನನ್ನ ಬಿಳಿ ಅಂಗಿಗೆ ನಿಧಾನವಾಗಿ, ಪೂರ್ತಿಯಾಗಿ ಒರೆಸಿದ.